ಅಂಗೈ ಮೇಲಿನ ಒಂಟೆ

ಸಾಪ್‌ವಿತ್ ಕ್ಯಾಮೆಲ್ ವಿಮಾನದ 1:72 ಅಳತೆಯ ಪ್ಲಾಸ್ಟಿಕ್ ಕಿಟ್ ತೆರೆದವರ ಕಣ್ಣಿಗೆ ಮೊದಲು ಬೀಳುವುದು ಮೇಲಿನ ರೆಕ್ಕೆ. ಹನ್ನೆರಡು ಸೆಂಟಿಮೀಟರಿಗೆ ಕೂದಲೆಳೆಯಷ್ಟು ಕಡಿಮೆ, ಶಾಲೆಯ ಸ್ಕೇಲಿನ ಹಾಗೆ ನೆಟ್ಟಗೆ. ಕೆಳಗಿನ ರೆಕ್ಕೆ ಹಾಗಲ್ಲ. ಮೇಜಿನ ಮೇಲಿಟ್ಟರೆ ಅದರ ಎರಡೂ ತುದಿ ಮೇಲೆದ್ದು ನಿಲ್ಲುತ್ತವೆ. ಹೊಸಬರು ಅಚ್ಚಿನಲ್ಲೇ ಏನೋ ಎಡವಟ್ಟಾಗಿದೆ ಎಂದುಕೊಂಡು ಬಿಸಿನೀರಿನಲ್ಲಿ ಅದ್ದಿ ನೆಟ್ಟಗೆ ಮಾಡಲು ಹೋಗುವುದುಂಟು. ಮಾಡಬಾರದು. ಅದು ಥೇಮ್ಸ್ ದಂಡೆಯ ಕಿಂಗ್‌ಸ್ಟನ್‌ನಲ್ಲಿದ್ದ ಕಾರ್ಖಾನೆಯವರು 1916ರಲ್ಲಿ ಬೇಕೆಂದೇ ಮಾಡಿಕೊಂಡ ಒಂದು ರಾಜಿ.

ಗಾಳಿಗೆ ಒಂದು ಪಕ್ಕಕ್ಕೆ ವಾಲಿದ ವಿಮಾನ ತಾನಾಗಿ ಸರಿಹೋಗಲಿ ಎಂದು ರೆಕ್ಕೆಗಳ ತುದಿಯನ್ನು ತುಸು ಎತ್ತಿರುತ್ತಾರೆ. ಇದಕ್ಕೆ ಡೈಹೆಡ್ರಲ್ ಎಂದು ಹೆಸರು. ಎರಡು ರೆಕ್ಕೆಗೂ ಸಮನಾಗಿ ಹಂಚುವುದು ವಾಡಿಕೆ. ಆದರೆ ಮೊದಲ ಮಹಾಯುದ್ಧ ಜೋರಾಗಿತ್ತು, ವಿಮಾನಗಳು ಬೇಗ ಬೇಗ ಬೇಕಿದ್ದವು, ಮೇಲಿನ ರೆಕ್ಕೆ ನೆಟ್ಟಗಿದ್ದರೆ ಕಟ್ಟುವ ಕೆಲಸ ಸಲೀಸು. ಹಾಗಾಗಿ ಮೇಲಿನದರ ಪಾಲನ್ನೂ ಕೆಳಗಿನದರ ತಲೆಗೇ ಕಟ್ಟಿ ಐದು ಡಿಗ್ರಿ ಎತ್ತಿದರು. ಎದುರಿನಿಂದ ನೋಡಿದರೆ ಎರಡು ರೆಕ್ಕೆಗಳ ನಡುವಿನ ಅಂತರ ತುದಿಗೆ ಹೋಗುತ್ತ ಕಿರಿದಾಗುತ್ತದೆ. ಮ್ಯೂಸಿಯಮ್ಮಿನಲ್ಲಿ ಹತ್ತು ಹಳೆಯ ವಿಮಾನಗಳ ನಡುವೆ ಕ್ಯಾಮೆಲನ್ನು ಹುಡುಕಲು ಇದೊಂದು ಒಳ್ಳೆಯ ಗುರುತು.

ಎಪ್ಪತ್ತೆರಡು ಎಂಬ ವಿಚಿತ್ರ ಸಂಖ್ಯೆಯ ಮೂಲ ಅಡಿ-ಅಂಗುಲದ ಲೆಕ್ಕದಲ್ಲಿದೆ. ಆರು ಅಡಿಗೆ ಎಪ್ಪತ್ತೆರಡು ಅಂಗುಲ, ಅಂದರೆ ಆರಡಿ ಆಳು ಮಾದರಿಯಲ್ಲಿ ಒಂದಂಗುಲ. ಇಂಗ್ಲೆಂಡಿನ ಫ್ರಾಗ್ ಕಂಪನಿ 1936ರಲ್ಲಿ ‘ಪೆಂಗ್ವಿನ್’ ಹೆಸರಿನಲ್ಲಿ ಜಗತ್ತಿನ ಮೊದಲ ಪ್ಲಾಸ್ಟಿಕ್ ವಿಮಾನದ ಕಿಟ್‌ಗಳನ್ನು ಮಾರಿದ್ದು ಇದೇ ಅಳತೆಯಲ್ಲಿ. ಹಾರದ ಹಕ್ಕಿಯ ಹೆಸರು, ಹಾರದ ವಿಮಾನಕ್ಕೆ! ಆ ಪ್ಲಾಸ್ಟಿಕ್ ಸೆಲ್ಯುಲೋಸ್ ಅಸಿಟೇಟ್. ವರ್ಷ ಕಳೆದಂತೆ ಹಪ್ಪಳದಂತೆ ಸೊಟ್ಟಗಾಗುತ್ತಿತ್ತು. ಈಗಿನವು ಪಾಲಿಸ್ಟೈರೀನ್.

ಕ್ಯಾಮೆಲ್ ಮೊದಲು ಹಾರಿದ್ದು 1916ರ ಡಿಸೆಂಬರಿನಲ್ಲಿ, ರಣರಂಗಕ್ಕೆ ಬಂದದ್ದು ಮರುವರ್ಷದ ಜೂನಿನಲ್ಲಿ. ಹರ್ಬರ್ಟ್ ಸ್ಮಿತ್ ಇದರ ವಿನ್ಯಾಸಕಾರ. ಸುಮಾರು 5,500 ತಯಾರಾದವು. ಪೈಲಟ್‌ನ ಮುಂದೆ ಎರಡು ವಿಕರ್ಸ್ ಮೆಷಿನ್‌ಗನ್‌ಗಳ ಹಿಂಭಾಗ ಮುಚ್ಚಲು ಲೋಹದ ತಗಡಿನ ಒಂದು ಉಬ್ಬು ಇತ್ತು. ಆ ಡುಬ್ಬ ನೋಡಿ ಸೈನಿಕರು ‘ಒಂಟೆ’ ಎಂದರು. ಅಡ್ಡಹೆಸರೇ ನಿಂತಿತು.

ಎರಡು ರೆಕ್ಕೆ ಯಾಕೆ? ಹೆಚ್ಚು ರೆಕ್ಕೆಯಿದ್ದರೆ ಹೆಚ್ಚು ಎತ್ತುಗೆ ಎಂಬುದು ಅರ್ಧ ಉತ್ತರ. ಇನ್ನರ್ಧ ರೈಲ್ವೆ ಸೇತುವೆಯಲ್ಲಿದೆ. ಅಮೆರಿಕದ ಆಕ್ಟೇವ್ ಚನೂಟ್ ಮೂಲತಃ ರೈಲ್ವೆ ಮತ್ತು ಸೇತುವೆಗಳ ಎಂಜಿನಿಯರ್. 1896ರಲ್ಲಿ ಅವರ ತಂಡ ಕಟ್ಟಿದ ಗ್ಲೈಡರ್‌ನಲ್ಲಿ ಎರಡು ರೆಕ್ಕೆಗಳೇ ಸೇತುವೆಯ ಮೇಲಿನ ಮತ್ತು ಕೆಳಗಿನ ತೊಲೆಗಳಾದವು, ನಡುವಿನ ಕಂಬಗಳು ನೆಟ್ಟಗೆ ನಿಂತವು, ಓರೆಯಾಗಿ ತಂತಿಗಳು ಹಾದವು. ಆ ಕಾಲದ ರೆಕ್ಕೆಗಳು ಬಲು ತೆಳುವು. ಒಂಟಿಯಾಗಿ ನಿಂತರೆ ಬಾಗಿ ಮುರಿಯುವಂಥವು. ಎರಡನ್ನು ಹೀಗೆ ಬಿಗಿದಾಗ ಒಂದೂವರೆ ಮೀಟರ್ ಎತ್ತರದ ಒಂದು ಟೊಳ್ಳು ತೊಲೆಯ ಬಲ ಬಂತು, ತೂಕ ಮಾತ್ರ ಬರಲಿಲ್ಲ.

ತಂತಿಗೆ ತಳ್ಳಲು ಬಾರದು, ಎಳೆಯಲಷ್ಟೇ ಗೊತ್ತು. ಅದಕ್ಕೇ ಎರಡು ಜಾತಿಯ ತಂತಿ ಬೇಕು. ಹಾರುವಾಗ ರೆಕ್ಕೆ ಮೇಲಕ್ಕೆ ಮಡಚಿಕೊಳ್ಳಲು ನೋಡುತ್ತದೆ. ಒಡಲಿನ ಬುಡದಿಂದ ಮೇಲಿನ ರೆಕ್ಕೆಯ ಹೊರಗಿನ ಕಂಬದತ್ತ ಹೋಗುವ ತಂತಿ ಅದನ್ನು ಹಿಡಿದೆಳೆಯುತ್ತದೆ. ನೆಲಕ್ಕಿಳಿದಾಗ ರೆಕ್ಕೆ ತನ್ನ ಭಾರಕ್ಕೇ ಜೋಲುತ್ತದೆ. ಆಗ ಮೇಲಿನ ರೆಕ್ಕೆಯ ನಡುವಿನಿಂದ ಕೆಳಗಿನ ರೆಕ್ಕೆಗೆ ಇಳಿದ ತಂತಿಯ ಸರದಿ. ಮೊದಲನೆಯದು ಹಾರಾಟದ ತಂತಿ, ಎರಡನೆಯದು ಇಳಿಕೆಯ ತಂತಿ. ಮಾದರಿ ಕಟ್ಟುವವನು ಇದನ್ನು ತಿಳಿದಿರದಿದ್ದರೆ ನಕ್ಷೆಯ ಗೆರೆಗಳು ಬರೀ ಜೇಡರ ಬಲೆ. ತಿಳಿದರೆ ಯಾವ ಎಳೆ ಎಲ್ಲಿಗೆ ಹೋಗಬೇಕೆಂದು ನಕ್ಷೆ ನೋಡದೆಯೇ ಹೇಳಬಹುದು.

ನಿಜ ಕ್ಯಾಮೆಲ್ ಪೈಲಟ್, ಪೆಟ್ರೋಲು, ಗುಂಡುಗಳ ಸಮೇತ ಸುಮಾರು 660 ಕಿಲೋ. ಉದ್ದ, ಅಗಲ, ಎತ್ತರ ಮೂರನ್ನೂ ಎಪ್ಪತ್ತೆರಡರಿಂದ ಭಾಗಿಸಿದರೆ ತೂಕವನ್ನು ಎಪ್ಪತ್ತೆರಡರ ಘನದಿಂದ ಭಾಗಿಸಬೇಕು, ಅಂದರೆ 3,73,248ರಿಂದ. ಬರುವ ಉತ್ತರ ಎರಡು ಗ್ರಾಮಿಗೂ ಕಡಿಮೆ. ಅಷ್ಟು ಹಗುರಾಗಿ ಪ್ಲಾಸ್ಟಿಕ್ ಅಚ್ಚು ಹೊಯ್ಯಲಾಗದು. ರೆಕ್ಕೆಯ ಹಿಂದಿನ ಅಂಚು ಅರ್ಧ ಮಿಲಿಮೀಟರ್ ದಪ್ಪವಿದ್ದರೂ ನಿಜ ವಿಮಾನದಲ್ಲಿ ಅದು ಮೂರೂವರೆ ಸೆಂಟಿಮೀಟರ್, ಹೆಚ್ಚುಕಡಿಮೆ ಬಾಗಿಲಿನ ಹಲಗೆಯ ದಪ್ಪ. ಆದ್ದರಿಂದಲೇ ಹಟವಾದಿಗಳು ಎಮರಿ ಪೇಪರ್ ಹಿಡಿದು ಒಂದೊಂದು ಸಂಜೆಯಿಡೀ ಆ ಅಂಚನ್ನು ಉಜ್ಜುತ್ತಾರೆ. ಬಟ್ಟೆ ಹೊದಿಸಿದ ರೆಕ್ಕೆಯೆಂದು ತೋರಿಸಲು ಹೊರಟ ಕೆಲವು ಹಳೆಯ ಕಿಟ್‌ಗಳಲ್ಲಿ ಪಕ್ಕೆಲುಬುಗಳ ನಡುವೆ ಹಸಿದ ದನದ ಹೊಟ್ಟೆಯಂಥ ಹಳ್ಳಗಳಿರುತ್ತವೆ. ಅದೂ ಸುಳ್ಳು. ಲಿನನ್ ಬಟ್ಟೆಗೆ ಬಳಿಯುತ್ತಿದ್ದ ಡೋಪ್ ಎಂಬ ದ್ರಾವಣ ಒಣಗುತ್ತ ಕುಗ್ಗಿ, ಬಟ್ಟೆಯನ್ನು ಮದ್ದಳೆಯ ಚರ್ಮದ ಹಾಗೆ ಬಿಗಿಯುತ್ತಿತ್ತು.

ಇನ್ನು ಎಂಜಿನ್. ಒಂದು ಮೀಟರ್ ಅಡ್ಡಳತೆಯ ಕ್ಲರ್ಜೆ 9ಬಿ ಎಂಜಿನ್ ಈ ಅಳತೆಯಲ್ಲಿ ಕೋಟಿನ ಗುಂಡಿಯಷ್ಟು. ಅದರಲ್ಲಿ ಒಂಬತ್ತು ಸಿಲಿಂಡರ್‌ಗಳು ಹೂವಿನ ದಳದಂತೆ ಸುತ್ತಲೂ ನಿಂತಿವೆ. ಎಂಜಿನ್ನನ್ನು ಗಟ್ಟಿಯಾಗಿ ಅಂಟಿಸಿ, ಪ್ರೊಪೆಲ್ಲರ್ ಮಾತ್ರ ತಿರುಗುವಂತೆ ಬಿಡುವುದು ಹಲವು ಕಿಟ್‌ಗಳ ರೂಢಿ. ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿಲ್ಲ! ಇದು ರೋಟರಿ ಎಂಜಿನ್. ಕ್ರ್ಯಾಂಕ್ ಶಾಫ್ಟ್ ವಿಮಾನದ ಒಡಲಿಗೆ ಬಿಗಿದು ಸುಮ್ಮನಿರುತ್ತದೆ. ಸಿಲಿಂಡರ್‌ಗಳೂ ಪ್ರೊಪೆಲ್ಲರ್ರೂ ಒಂದಾಗಿ ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಸುತ್ತು ಗಿರಗಿರನೆ ತಿರುಗುತ್ತವೆ. ತಣ್ಣಗಿಡಲು ನೀರು ಬೇಡ, ತಿರುಗುವ ಗಾಳಿಯೇ ಸಾಕು. 130 ಅಶ್ವಶಕ್ತಿಗೆ ಆ ಕಾಲದಲ್ಲಿ ಅದು ಬಹಳ ಹಗುರವಾದ ಯಂತ್ರ.

ಅದರ ಕೀಲೆಣ್ಣೆ ಯಾವುದು ಗೊತ್ತೇ? ಹರಳೆಣ್ಣೆ. ಬಯಲುಸೀಮೆಯ ಹೊಲದ ಅಂಚಿನ ಔಡಲ ಗಿಡದ, ಅಜ್ಜಿಯರು ಮಕ್ಕಳ ಮೂಗು ಹಿಡಿದು ಕುಡಿಸುತ್ತಿದ್ದ ಅದೇ ಎಣ್ಣೆ. ರೋಟರಿ ಎಂಜಿನ್ನಿನಲ್ಲಿ ಪೆಟ್ರೋಲಿನ ಆವಿ ಕ್ರ್ಯಾಂಕ್ ಕೇಸಿನ ಒಳಗಿಂದಲೇ ಹಾದುಹೋಗುತ್ತದೆ, ಖನಿಜ ತೈಲವಾದರೆ ತೊಳೆದುಕೊಂಡು ಹೋಗುತ್ತದೆ. ಹರಳೆಣ್ಣೆ ಪೆಟ್ರೋಲಿನಲ್ಲಿ ಸುಲಭಕ್ಕೆ ಕರಗದು, ಕಾವಿಗೂ ಜಗ್ಗದು. ಹರಳು ಬೀಜದ ದೊಡ್ಡ ಪೂರೈಕೆದಾರ ಆಗಲೂ ಭಾರತವೇ. ಒಮ್ಮೆ ಒಳಹೋದ ಎಣ್ಣೆ ಮರಳಿ ಬರುತ್ತಿರಲಿಲ್ಲ. ಅರೆಬೆಂದು ಹೊಗೆಯಾಗಿ, ತುಂತುರಾಗಿ ಹೊರಗೆ ಚಿಮ್ಮಿ ಪೈಲಟ್‌ನ ಮುಖಕ್ಕೆ, ಬಾಯಿಗೆ ರಾಚುತ್ತಿತ್ತು. ಹಾರಿ ಬಂದವರ ಹೊಟ್ಟೆಯ ಪಾಡು ಏನಾಗುತ್ತಿತ್ತೆಂದು ಕನ್ನಡ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಮಾದರಿಯ ಹೊಟ್ಟೆಯ ಅಡಿಯಲ್ಲಿ ಕಂದು ಬಣ್ಣದ ತೈಲವರ್ಣವನ್ನು ತೆಳುವಾಗಿ ಒರೆಸಿ ಹಿಂದಕ್ಕೆಳೆದ ಕಲೆ ಕಂಡರೆ, ಕಟ್ಟಿದವನಿಗೆ ವಿಷಯ ಗೊತ್ತಿದೆ ಎಂದರ್ಥ.

ಎಂಜಿನ್ನಿನ ತಿರುಗುವ ಆ ರಾಶಿ ಒಂದು ದೊಡ್ಡ ಬುಗುರಿ. ಬುಗುರಿಯನ್ನು ಒಂದು ಕಡೆ ತಳ್ಳಿದರೆ ಅದು ಇನ್ನೊಂದು ದಿಕ್ಕಿಗೆ ವಾಲುವುದನ್ನು ಆಡಿದವರೆಲ್ಲ ನೋಡಿದ್ದಾರೆ. ಕ್ಯಾಮೆಲನ್ನು ಬಲಕ್ಕೆ ತಿರುಗಿಸಿದರೆ ಮೂಗು ಕೆಳಗಿಳಿಯುತ್ತಿತ್ತು, ಎಡಕ್ಕೆ ತಿರುಗಿಸಿದರೆ ಮೇಲೇಳುತ್ತಿತ್ತು. ಮೇಲಾಗಿ ಎಂಜಿನ್, ಪೈಲಟ್, ಬಂದೂಕು, ಇಂಧನ ಎಲ್ಲ ಮುಂದಿನ ಎರಡು ಮೀಟರಿನಲ್ಲೇ ಒತ್ತೊತ್ತಾಗಿ ಕೂತಿದ್ದರಿಂದ ವಿಮಾನ ಚಕ್ಕನೆ ತಿರುಗುತ್ತಿತ್ತು. ಪಳಗಿದ ಕೈಗೆ ಇದು ವರ. ಬೆನ್ನಟ್ಟಿ ಬಂದ ಜರ್ಮನ್ ವಿಮಾನಕ್ಕೆ ಬಲಗಡೆ ಹೊರಳಿದ ಕ್ಯಾಮೆಲ್ ಸಿಗುತ್ತಿರಲಿಲ್ಲ. ಕಲಿಯುವವರ ಪಾಲಿಗೆ ಅದೇ ಶಾಪ. ಕಾದಾಟದಲ್ಲಿ ಸತ್ತ ಕ್ಯಾಮೆಲ್ ಪೈಲಟ್‌ಗಳು 413, ಕಾದಾಟದ ಹೊರಗೆ ಸತ್ತವರು 385 ಎಂಬುದು ಸಾಮಾನ್ಯವಾಗಿ ಕೊಡುವ ಲೆಕ್ಕ.

ಈ ಒಂಟೆಯನ್ನು ಪಳಗಿಸಿದವರಲ್ಲಿ ರಾವಲ್ಪಿಂಡಿಯಲ್ಲಿ ಹುಟ್ಟಿದ ಹರ್ದಿತ್ ಸಿಂಗ್ ಮಲಿಕ್ ಒಬ್ಬರು. ಪೇಟದ ಮೇಲೆ ಕೂರುವಂತೆ ವಿಶೇಷವಾಗಿ ಮಾಡಿಸಿದ ಹೆಲ್ಮೆಟ್ ತೊಟ್ಟು 28ನೇ ಸ್ಕ್ವಾಡ್ರನ್‌ನಲ್ಲಿ ಹಾರಿದರು. 1917ರ ಅಕ್ಟೋಬರ್ 26ರಂದು ಕಾಲಿಗೆ ಗುಂಡು ತಗುಲಿ ವಿಮಾನ ನೆಲಕ್ಕೆ ಬಿದ್ದರೂ ಬದುಕುಳಿದರು. ಮುಂದೆ ಸ್ವತಂತ್ರ ಭಾರತದ ರಾಯಭಾರಿಯಾಗಿ ಫ್ರಾನ್ಸಿನಲ್ಲಿದ್ದರು. ಅವರ ತುಕಡಿಯ ನಾಯಕ ಕೆನಡಾದ ವಿಲಿಯಂ ಬಾರ್ಕರ್. ಬಾರ್ಕರ್ ಹಾರಿಸಿದ ಬಿ6313 ಸಂಖ್ಯೆಯ ಒಂದೇ ಕ್ಯಾಮೆಲ್ 46 ಗೆಲುವುಗಳನ್ನು ಕಂಡಿತು. ಮಾದರಿಗಾರರು ಹೆಚ್ಚಾಗಿ ಆರಿಸಿಕೊಳ್ಳುವುದೂ ಅದನ್ನೇ. ಮಲಿಕರ ವಿಮಾನವನ್ನು ಕಟ್ಟುವವರು ಇನ್ನೂ ಹೆಚ್ಚಬೇಕು ಎನ್ನಿಸುತ್ತದೆ.

ಬಣ್ಣದ ವಿಷಯಕ್ಕೆ ಬಂದರೆ ಜಗಳ ಶುರು. ಬಿಸಿಲು ಲಿನನ್ನನ್ನು ತಿನ್ನುತ್ತದೆ ಎಂದು ಬ್ರಿಟಿಷರು ವಿಮಾನದ ಮೇಲ್ಮೈಗೆ ಪಿಸಿ10 ಎಂಬ ಲೇಪ ಬಳಿಯುತ್ತಿದ್ದರು. ಹಳದಿ ಮಣ್ಣು ಮತ್ತು ದೀಪದ ಕಾಡಿಗೆ ಅದರ ವರ್ಣದ್ರವ್ಯ. ಯಾವ ದ್ರಾವಣದಲ್ಲಿ ಕಲಸಿದರು, ಎಷ್ಟು ಪದರ ಹಚ್ಚಿದರು, ಎಷ್ಟು ದಿನ ಬಿಸಿಲುಂಡಿತು ಎಂಬುದರ ಮೇಲೆ ಅದು ಹಸಿರು ಛಾಯೆಯಿಂದ ಚಾಕೊಲೇಟ್ ಕಂದಿನವರೆಗೆ ಏನೂ ಆಗಬಹುದಿತ್ತು. ಇಬ್ಬರು ಹಿರಿಯ ಮಾದರಿಗಾರರನ್ನು ಒಂದು ಕೋಣೆಯಲ್ಲಿ ಕೂರಿಸಿ ಪಿಸಿ10 ಎಂದರೆ ಸಾಕು, ಚಹಾ ಆರಿಹೋಗುತ್ತದೆ. ಬಾಲದ ಪಟ್ಟೆಗಳಿಗೆ ಮಾತ್ರ ತಕರಾರಿಲ್ಲ. ಆಗಿನ ಕ್ರಮ ಮುಂದಿನಿಂದ ನೀಲಿ, ಬಿಳಿ, ಕೆಂಪು.

ಅಂಟಿಸುವುದೆಂದರೆ ಇಲ್ಲಿ ಬೆಸೆಯುವುದು. ಪಾಲಿಸ್ಟೈರೀನ್ ಸಿಮೆಂಟಿನಲ್ಲಿ ಅಂಟಿಗಿಂತ ದ್ರಾವಕವೇ ಮುಖ್ಯ. ಎರಡು ತುಂಡುಗಳನ್ನು ಕೂಡಿಸಿ ಹಿಡಿದು ಸಂದಿಗೆ ಕುಂಚದ ತುದಿ ಮುಟ್ಟಿಸಿದರೆ ದ್ರವ, ಬತ್ತಿಗೆ ಎಣ್ಣೆ ಏರಿದಂತೆ, ಸಂದಿನುದ್ದಕ್ಕೂ ಓಡುತ್ತದೆ. ಪ್ಲಾಸ್ಟಿಕ್ಕಿನ ಮೇಲ್ಪದರ ಕರಗಿ ಎರಡೂ ಕಡೆಯ ಅಣುಸರಪಳಿಗಳು ಒಂದರೊಳಗೊಂದು ಸೇರಿಕೊಳ್ಳುತ್ತವೆ. ದ್ರಾವಕ ಆರಿದ ಮೇಲೆ ಉಳಿಯುವುದು ಒಂದೇ ತುಂಡು. ಬಣ್ಣ ಬಳಿದ ಜಾಗದಲ್ಲಿ ಈ ಬೆಸುಗೆ ಹಿಡಿಯದು, ಮೊದಲು ಕೆರೆಯಬೇಕು. ಬೈಪ್ಲೇನ್‌ನ, ಅಂದರೆ ಜೋಡಿ ರೆಕ್ಕೆಯ ವಿಮಾನದ, ನಿಜವಾದ ತೊಡಕು ಇದೇ. ಮೇಲಿನ ರೆಕ್ಕೆ ಕೂರಿಸಿದ ಮೇಲೆ ಕುಂಚ ಒಳಗೆ ಹೋಗದು, ಆದ್ದರಿಂದ ಬಣ್ಣ ಮೊದಲು, ಜೋಡಣೆ ಆಮೇಲೆ. ಎಂಟು ಕಂಬಗಳು ಒಂದೇ ಹೊತ್ತಿಗೆ ಎಂಟು ಕುಳಿಗಳಿಗೆ ಇಳಿಯಬೇಕು, ಏಳು ಇಳಿದಾಗ ಎಂಟನೆಯದು ಜಾರುತ್ತದೆ. ಇದಕ್ಕೆ ಮಕ್ಕಳ ಲೆಗೊ ಇಟ್ಟಿಗೆಗಳಿಂದ ಅಚ್ಚುಕಟ್ಟಾದ ಆಸರೆ ಕಟ್ಟಿ, ರೆಕ್ಕೆಯನ್ನು ಅದರ ಮೇಲೆ ಮಲಗಿಸಿ, ರಾತ್ರಿಯಿಡೀ ಬಿಡುತ್ತಾರೆ.

ಕೊನೆಗೆ ತಂತಿ. ನಿಜ ವಿಮಾನದಲ್ಲಿ ಆರು ಮಿಲಿಮೀಟರ್ ಅಗಲವಿದ್ದರೆ ಮಾದರಿಯಲ್ಲಿ ಅದು ಮಿಲಿಮೀಟರಿನ ಹನ್ನೆರಡನೆಯ ಒಂದು ಭಾಗ, ತಲೆಗೂದಲಿನಷ್ಟು. ಕೆಲವರು ಮೀನು ಹಿಡಿಯುವ ನೈಲಾನ್ ದಾರ ಕಟ್ಟುತ್ತಾರೆ, ಕೆಲವರು ಹಿಗ್ಗುವ ದಾರ. ಹಳೆಯ ಕೈಗಳು ಮಾತ್ರ ಖರ್ಚಿಲ್ಲದ ದಾರಿ ಹಿಡಿಯುತ್ತವೆ. ತುಂಡುಗಳನ್ನು ಕತ್ತರಿಸಿಕೊಂಡ ಮೇಲೆ ಬಿಸಾಡಬೇಕಾದ ಚೌಕಟ್ಟಿನ ಕಡ್ಡಿಯನ್ನು ಮೇಣದಬತ್ತಿಯ ಉರಿಯ ಮೇಲೆ, ಉರಿಗೆ ತಾಕಿಸದೆ, ಹೊರಳಿಸುತ್ತ ಹಿಡಿಯುತ್ತಾರೆ. ನೂರು ಡಿಗ್ರಿ ದಾಟುತ್ತಿದ್ದಂತೆ ಪಾಲಿಸ್ಟೈರೀನ್ ಮೆತ್ತಗಾಗಿ ಹೊಳೆಯತೊಡಗುತ್ತದೆ. ಉರಿಯಿಂದ ತೆಗೆದು, ಒಂದು ಕ್ಷಣ ತಡೆದು, ಎರಡೂ ಕೈ ಚಾಚಿ ಎಳೆದರೆ ಬೆಲ್ಲದ ಪಾಕದ ಎಳೆಯಂತೆ ಒಂದು ನೂಲು ಬರುತ್ತದೆ. ಬೇಗ ಎಳೆದರೆ ತೆಳು, ನಿಧಾನಕ್ಕೆ ಎಳೆದರೆ ದಪ್ಪ.

ಈ ನೂಲನ್ನು ಅಳತೆಗೆ ಕತ್ತರಿಸಿ ಎರಡು ತುದಿಗೂ ಚಿಟಿಕೆ ಅಂಟು ತಾಗಿಸಿ ಕೂರಿಸಿದಾಗ ಅದು ಬಟ್ಟೆ ಒಣಹಾಕುವ ಹಗ್ಗದಂತೆ ತುಸು ಜೋಲುತ್ತದೆ. ಆಗ ಹಚ್ಚುವುದು ಊದಿನಕಡ್ಡಿ. ಮೈಸೂರಿನದಾದರೆ ಕೋಣೆಯೂ ಘಮಘಮ. ಬೂದಿ ಕೊಡವಿ, ಕೆಂಡದ ತುದಿಯನ್ನು ನೂಲಿನ ಕೆಳಗೆ ಕೆಲವು ಮಿಲಿಮೀಟರ್ ದೂರದಲ್ಲಿ ಸಾಗಿಸಬೇಕು. ಜೋತಿದ್ದ ನೂಲು ಕಣ್ಣೆದುರೇ ತಂಬೂರಿಯ ತಂತಿಯಂತೆ ಬಿಗಿದುಕೊಳ್ಳುತ್ತದೆ. ಎಳೆದಾಗ ಉದ್ದುದ್ದವಾಗಿ ಸಾಲುಗಟ್ಟಿದ್ದ ಅಣುಸರಪಳಿಗಳು ಹಾಗೇ ತಣಿದು ಸಿಕ್ಕಿಬಿದ್ದಿರುತ್ತವೆ. ಕಾವು ತಾಗಿದೊಡನೆ ಬಿಡುಗಡೆ ಸಿಕ್ಕಿ ಮತ್ತೆ ಮುದುಡಿಕೊಳ್ಳುತ್ತವೆ, ನೂಲು ಗಿಡ್ಡವಾಗುತ್ತದೆ. ಕೆಂಡ ಅರೆ ಕ್ಷಣ ಹೆಚ್ಚು ನಿಂತರೆ ಮಾತ್ರ ನೂಲು ನಡುವೆ ಕಡಿದು, ಎರಡೂ ತುದಿಗಳು ಸುರುಟಿ ಪುಟ್ಟ ಗುಂಡುಗಳಾಗಿ ರೆಕ್ಕೆಗೆ ಅಂಟಿಕೊಳ್ಳುತ್ತವೆ. ಅವನ್ನು ಬ್ಲೇಡಿನ ತುದಿಯಿಂದ ಕೆರೆದು, ಎದ್ದ ಬಣ್ಣವನ್ನು ತೇಪೆ ಹಚ್ಚಿ, ಮತ್ತೆ ಮೇಣದಬತ್ತಿ ಹಚ್ಚಬೇಕು.