ಡ್ಯಾಷ್‌ಬೋರ್ಡ್ ಹಿಂದೊಂದು ಇಟ್ಟಂಗಿ: ಕಾರಿನ ಎಸಿ ಫಿಲ್ಟರ್ ನಾವೇ ಬದಲಿಸೋದು ಹೇಗೆ?

ಬಿಳಿ ಅಂಗಿ ಹಾಕ್ಕೊಂಡು ಬೈಕಲ್ಲಿ ಹೊಸಪೇಟೆ ರೋಡಿಗೆ ಒಂದು ರೌಂಡ್ ಹೋಗಿ ಬಂದವರಿಗೆ ಬಳ್ಳಾರಿ ಧೂಳಿನ ಬಗ್ಗೆ ಪಾಠ ಬೇಕಾಗಿಲ್ಲ, ಕಾಲರ್ ನೋಡಿಕೊಂಡ್ರೆ ಸಾಕು. ಆದ್ರೆ ಗ್ಲಾಸ್ ಏರಿಸಿ ಎಸಿ ಹಾಕಿ ಕಾರಲ್ಲಿ ಕೂತವರಿಗೆ, ಧೂಳೆಲ್ಲ ಹೊರಗೇ ಉಳೀತು ಅನ್ನೋ ನೆಮ್ಮದಿ ಇರ್ತದೆ. ಹೋದ ಏಪ್ರಿಲ್‌ವರೆಗೂ ನಮಗೂ ಇತ್ತು.

ಪಾರ್ವತಿನಗರದಲ್ಲಿ ನಾವು ನಾಲ್ವರು ಒಂದು ರೂಮಲ್ಲಿದ್ದೇವೆ. ನಮ್ಮಲ್ಲೊಬ್ಬನ ಊರು ಸಿರುಗುಪ್ಪ. ಅವನ ಅಜ್ಜಿಗೆ ಉಬ್ಬಸ. ತಿಂಗಳಿಗೊಮ್ಮೆ ಡಾಕ್ಟರಿಗೆ ತೋರಿಸೋಕೆ ಅವನ ಅಪ್ಪ ತಮ್ಮ ಹಳೇ ಕಾರಲ್ಲಿ ಅಜ್ಜಿನ ಬಳ್ಳಾರಿಗೆ ಕರ್ಕೊಂಡು ಬರ್ತಾರೆ. ಸುಮಾರು 55 ಕಿಲೋಮೀಟರ್ ದಾರಿ. ಆ ಸಲ ರೂಮಿನ ಮುಂದೆ ಕಾರಿಂದ ಇಳಿಯುವಾಗ ಅಜ್ಜಿ ಸೆರಗನ್ನ ಮೂಗಿಗೆ ಒತ್ತಿ ಹಿಡಿದಿದ್ರು. "ಆ ಎಸಿ ಬ್ಯಾಡಪ, ಮುಗ್ಗಲು ವಾಸ್ನಿ ಬರ್ತೈತಿ, ಕೆಮ್ಮು ಶುರು ಆಕ್ಕೈತಿ" ಅಂದ್ರು. ಎಸಿ ಬೇಡ ಅಂತ ಗ್ಲಾಸ್ ಇಳಿಸಿದ್ರೆ ಲಾರಿ ಧೂಳು, ಏರಿಸಿದ್ರೆ ಬೇಯೋ ಸೆಕೆ. ಗ್ಯಾರೇಜೊಂದರಲ್ಲಿ ಕೇಳಿದ್ದಕ್ಕೆ ಗ್ಯಾಸ್ ತುಂಬಿಸಬೇಕು ಅಂದಿದ್ರಂತೆ.

ಬ್ಲೋವರನ್ನ ಫುಲ್ ಸ್ಪೀಡಿಗೆ ಇಟ್ಟು ನೋಡಿದ್ವಿ. ಸದ್ದು ಜೋರು, ಗಾಳಿ ಮಾತ್ರ ನಿಟ್ಟುಸಿರಿನಷ್ಟು. ಬರ್ತಿದ್ದ ಆ ಚೂರು ಗಾಳಿ ತಣ್ಣಗೇ ಇತ್ತು. ಅಂದ್ಮೇಲೆ ತೊಂದರೆ ಗ್ಯಾಸಿಂದಲ್ಲ, ಗಾಳಿ ಬರೋ ದಾರಿದು. ಗ್ಲೋವ್ ಬಾಕ್ಸ್ ಬಿಚ್ಚಿ ಫಿಲ್ಟರ್ ಹೊರಗೆಳೆದಾಗ ಕೈಗೆ ಬಂದದ್ದು ಹೆಚ್ಚುಕಮ್ಮಿ ಒಂದು ಇಟ್ಟಂಗಿ. ಬಣ್ಣವೂ ಅದೇ, ತೂಕವೂ ಹಂಗೇ! ಒದರಿದ ಪುಡಿಯ ಹತ್ರ ಹಳೇ ಸ್ಪೀಕರಿನ ಮ್ಯಾಗ್ನೆಟ್ ಹಿಡಿದ್ರೆ ಒಂದಷ್ಟು ಕಪ್ಪು ಕಣಗಳು ಎದ್ದು ಅಂಟಿಕೊಂಡವು. ಕೆಂಪು ಪುಡಿ ಬಹುಪಾಲು ಅಲ್ಲೇ ಉಳೀತು. ಕಬ್ಬಿಣದ ಅದಿರಾದ ಹೆಮಟೈಟ್ ತುಂಬ ದುರ್ಬಲ ಕಾಂತೀಯ ವಸ್ತು, ಮ್ಯಾಗ್ನಟೈಟ್ ಬಲವಾದದ್ದು ಅಂತ ಓದಿದ್ದು ಆವತ್ತು ಕಣ್ಣಿಗೆ ಕಾಣಿಸ್ತು.

ಈ ಕೆಲಸಕ್ಕೆ ಬೇಕಾದ್ದು ಹದಿನೈದು ನಿಮಿಷ ಮತ್ತು ಒಂದು ಟಾರ್ಚ್. ಹೇಗೆ ಅಂತ ಹೇಳೋ ಮೊದಲು, ಈ ಫಿಲ್ಟರ್ ಏನು ಮಾಡ್ತದೆ ಅಂತ ನೋಡೋಣ. ಅದು ಗೊತ್ತಿದ್ರೆ ಅಂಗಡಿಯಲ್ಲಿ ಮೋಸ ಹೋಗಲ್ಲ.

ಇದು ಜರಡಿ ಅಲ್ಲ

ಫಿಲ್ಟರ್ ಅಂದ್ರೆ ಜರಡಿ, ತೂತಿಗಿಂತ ದೊಡ್ಡ ಕಣ ನಿಲ್ತದೆ, ಸಣ್ಣದು ದಾಟ್ತದೆ ಅಂತ ನಾವೂ ಅಂದ್ಕೊಂಡಿದ್ವಿ. ಆದರೆ ಫಿಲ್ಟರಿನ ಎಳೆಗಳ ನಡುವಿನ ಜಾಗ ಅದು ಹಿಡಿಯೋ ಎಷ್ಟೋ ಕಣಗಳಿಗಿಂತ ದೊಡ್ಡದು. ಹಿಡಿಯೋ ರೀತಿ ಬೇರೆ.

ದೊಡ್ಡ ಕಣಗಳದ್ದು ಅದಿರು ಲಾರಿಯ ಕಥೆ. ಗಾಳಿ ಎಳೆಯನ್ನ ಸುತ್ತಿಕೊಂಡು ಬೈಕಿನ ಹಾಗೆ ತಿರುಗ್ತದೆ. ಭಾರದ ಕಣ ವೇಗದಲ್ಲಿ ತಿರುಗಲಾರದೆ ನೇರ ಹೋಗಿ ಎಳೆಗೆ ಗುದ್ದಿ ಅಂಟಿಕೊಳ್ತದೆ. ತೀರ ಸಣ್ಣ ಕಣಗಳದ್ದು ಸಿಡಿಬಂಡಿ ಜಾತ್ರೆಯ ಕಥೆ. ಗಾಳಿಯ ಅಣುಗಳು ಅತ್ತಿತ್ತ ತಳ್ಳಿ ತಳ್ಳಿ, ಜನಜಂಗುಳಿಯಲ್ಲಿ ಸಿಕ್ಕಿಕೊಂಡವರ ಹಾಗೆ ಓಲಾಡ್ತಾ ಯಾವುದೋ ಎಳೆಗೆ ತಗುಲ್ತವೆ. ತಪ್ಪಿಸಿಕೊಳ್ಳೋದು ನಡುವಿನವು, ಸುಮಾರು 0.3 ಮೈಕ್ರಾನಿನವು. ಗುದ್ದೋಕೆ ತೂಕ ಸಾಲದು, ಓಲಾಡೋಕೆ ತೂಕ ಹೆಚ್ಚು. ಎನ್95 ಮಾಸ್ಕಿನ ಪರೀಕ್ಷೆಯಲ್ಲಿ ಈ 0.3 ಅನ್ನೋ ಸಂಖ್ಯೆ ಬರೋದು ಇದಕ್ಕೇ.

ಇವನ್ನ ಹಿಡಿಯೋಕೆ ಒಳ್ಳೆ ಫಿಲ್ಟರಿನ ಪ್ಲಾಸ್ಟಿಕ್ ಎಳೆಗಳಿಗೆ ತಯಾರಿಸುವಾಗಲೇ ಸ್ಥಿರ ವಿದ್ಯುತ್ ತುಂಬಿರ್ತಾರೆ. ತಲೆಗೆ ಉಜ್ಜಿದ ಸ್ಕೇಲು ಕಾಗದದ ಚೂರನ್ನ ಎಳೆದ ಹಾಗೆ ಎಳೆಗಳು ಕಣವನ್ನ ಎಳ್ಕೊಳ್ತವೆ. ಎನ್95 ಮಾಸ್ಕಿನಲ್ಲೂ ಇದೇ ಉಪಾಯ.

ತೊಳೀಬೇಡಿ, ಊದಿಸಬೇಡಿ

"ಯಾಕ್ ಹೊಸಾದು? ಏರ್ ಹೊಡೆಸ್ರಿ, ನಡೀತೈತಿ" ಅನ್ನೋರು ಬಹಳ ಜನ. ಲೆಕ್ಕ ಹಾಕಿ. ಕಾರಿನ ಬ್ಲೋವರ್ ಫಿಲ್ಟರಿನ ಮೇಲೆ ಹಾಕೋ ಒತ್ತಡ ನೂರಾರು ಪಾಸ್ಕಲ್ ಮಟ್ಟದ್ದು. ಒಂದು ಬಾರ್ ಅಂದ್ರೆ 1,00,000 ಪಾಸ್ಕಲ್. ಗ್ಯಾರೇಜ್ ಕಂಪ್ರೆಸರಿನ ಟ್ಯಾಂಕಲ್ಲಿ ಆರೇಳು ಬಾರ್ ಇರ್ತದೆ. ಆ ಗಾಳಿಯನ್ನ ಹತ್ತಿರದಿಂದ ಬಿಟ್ರೆ ನವಿರಾದ ಪದರ ಹರಿಯುತ್ತೆ. ಜೊತೆಗೆ ಎಣ್ಣೆ, ನೀರಿನ ಹನಿಯೂ ಬರ್ತವೆ. ಎಣ್ಣೆ, ಸೋಪು ತಗುಲಿದ್ರೆ ಎಳೆಗಳ ವಿದ್ಯುತ್ ಮಂಕಾಗ್ತದೆ. ಊದಿಸಿದ ಫಿಲ್ಟರಲ್ಲಿ ಗಾಳಿ ಚೆನ್ನಾಗಿ ಬರ್ತದೆ, ನಿಜ. ಧೂಳಿಗೂ ದಾರಿ ಆಗಿರ್ತದೆ! ಬಿಸಿಲಿಗೆ ಹಿಡಿದು ನೋಡಿ, ಸೂಜಿಮೊನೆಯಂಥ ಬೆಳಕು ಕಂಡ್ರೆ ಕೆಲಸ ಕೆಟ್ಟಿದೆ ಅಂತಲೇ.

ಯಾವುದು ತಗೋಬೇಕು?

ಸ್ಪೇರ್ಸ್ ಅಂಗಡಿಯಲ್ಲಿ "ಎಸಿ ಫಿಲ್ಟರ್" ಅಂತ ಕೇಳಿ. ಕಾರಿನ ಮಾಡೆಲ್, ವರ್ಷ, ಪೆಟ್ರೋಲೋ ಡೀಸೆಲ್ಲೋ ಹೇಳಿ. ಹಳೇದನ್ನ ಕವರಲ್ಲಿ ಸುತ್ತಿ ತಗೊಂಡು ಹೋದ್ರೆ ಇನ್ನೂ ಚೆನ್ನ.

ಮೊದಲು ನೋಡಬೇಕಾದ್ದು ಅಳತೆ. ನಾವು ಅವಸರದಲ್ಲಿ ತಂದದ್ದು 3 ಮಿಲಿಮೀಟರ್ ಕಿರಿದಾಗಿತ್ತು. ಮೂರು ಮಿಲಿಮೀಟರ್ ತಾನೇ ಅನ್ನಬೇಡಿ. ಗಾಳಿ ಸುಲಭದ ದಾರಿ ಬಿಟ್ಟು ಕಷ್ಟದ ದಾರಿಯಲ್ಲಿ ಯಾಕೆ ಹೋಗ್ತದೆ? ಅಂಚು ಮೇಲೆದ್ದ ಸೊಳ್ಳೆ ಪರದೆಯೊಳಗೆ ಮಲಗಿದ ಹಾಗೆ ಅದು. ವಾಪಸ್ ಕೊಟ್ಟು ಬಂದ್ವಿ.

ಎರಡನೇದು ಮಡಿಕೆಗಳ ಸಂಖ್ಯೆ. 200 × 200 ಮಿ.ಮೀ. ಫಿಲ್ಟರಲ್ಲಿ 25 ಮಿ.ಮೀ. ಆಳದ 30 ಮಡಿಕೆ ಇದ್ರೆ ಒಟ್ಟು ಹಾಳೆ 0.3 ಚದರ ಮೀಟರ್. ಅಂದ್ರೆ ಕಾಣೋ ಮುಖದ ಏಳೂವರೆ ಪಟ್ಟು. ಅದೇ ಚೌಕಟ್ಟಿನಲ್ಲಿ 20 ಮಡಿಕೆ ಹಾಕಿ ಅಗ್ಗ ಮಾಡಿದ್ರೆ 0.2 ಚದರ ಮೀಟರ್. ಅಷ್ಟೇ ಗಾಳಿ ಈಗ ಹಾಳೆಯನ್ನ ಒಂದೂವರೆ ಪಟ್ಟು ವೇಗದಲ್ಲಿ ದಾಟಬೇಕು. ಡಾರ್ಸಿ ನಿಯಮದ ಪ್ರಕಾರ ಒತ್ತಡದ ನಷ್ಟವೂ ಸುಮಾರು ಒಂದೂವರೆ ಪಟ್ಟು. ಧೂಳು ಕೂಡೋಕೆ ಜಾಗವೂ ಕಡಿಮೆ. ಅಂಗಡಿಯಲ್ಲಿ ನಿಂತು ಮಡಿಕೆ ಎಣಿಸೋಕೆ ನಾಚಿಕೆ ಬೇಡ, ನಾವೂ ಎಣಿಸಿದ್ದೇವೆ.

ಮೂರನೇದು, ಸಾದಾ ಬೇಕೋ ಕಾರ್ಬನ್ ಬೇಕೋ. ಬಿಳಿ ಫಿಲ್ಟರ್ ಧೂಳಿಗೆ. ಬೂದು-ಕಪ್ಪು ಬಣ್ಣದ್ದರಲ್ಲಿ ಆಕ್ಟಿವೇಟೆಡ್ ಕಾರ್ಬನ್ ಇರ್ತದೆ. ಡೀಸೆಲ್ ಹೊಗೆ, ಗದ್ದೆಯಲ್ಲಿ ಹುಲ್ಲು ಸುಟ್ಟ ವಾಸನೆ ಕಡಿಮೆ ಮಾಡ್ತದೆ. ಕಾರ್ಬನ್ನಿನ ರಂಧ್ರಗಳು ತುಂಬಿದ ಮೇಲೆ ಅದೂ ಮುಗೀತು. ನೋಡೋಕೆ ಚೊಕ್ಕಟ ಇದ್ರೂ ಉಪಯೋಗ ಇಲ್ಲ. ಒಂದು ಎಚ್ಚರಿಕೆ: ಕಾರ್ಬನ್ ಫಿಲ್ಟರ್ ಕಾರ್ಬನ್ ಮಾನಾಕ್ಸೈಡನ್ನ ತಡೆಯೋದಿಲ್ಲ. ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಆನ್ ಇಟ್ಟು ಎಸಿ ಹಾಕ್ಕೊಂಡು ಯಾವತ್ತೂ ಮಲಗಬೇಡಿ. ಯಾವ ಫಿಲ್ಟರೂ ಕಾಪಾಡಲ್ಲ.

ಇನ್ನು ಡಬ್ಬಿ ಮೇಲೆ "ಹೆಪಾ" ಅಂತ ಬರೆದಿದ್ರೆ ಮರುಳಾಗಬೇಡಿ. ನಿಜವಾದ ಹೆಪಾ ಹಾಳೆ ದಟ್ಟ. ಅದಕ್ಕೆ ಅಂತಲೇ ಮಾಡದ ಕಾರಿನ ಪುಟ್ಟ ಬ್ಲೋವರ್ ಅದರ ಮೂಲಕ ಸಾಕಷ್ಟು ಗಾಳಿ ತಳ್ಳೋದು ಕಷ್ಟ. ಅಜ್ಜಿಯ ಕಾರಿಗೆ ನಾವು ತಂದದ್ದು ಸರಿಯಾದ ಅಳತೆಯ ಕಾರ್ಬನ್ ಫಿಲ್ಟರ್.

ಬದಲಿಸೋ ಕ್ರಮ

1. ಇಂಜಿನ್ ಆಫ್ ಮಾಡಿ, ಕೀ ತೆಗೀರಿ. ಗ್ಲೋವ್ ಬಾಕ್ಸ್ ಖಾಲಿ ಮಾಡಿ. ಅದರ ಮೇಲ್ಗಡೆ ಏರ್‌ಬ್ಯಾಗ್ ಇರಬಹುದು. ಹಳದಿ ಬಣ್ಣದ ವೈರು, ಕನೆಕ್ಟರ್ ಮುಟ್ಟಬೇಡಿ.

2. ಬಾಕ್ಸಿನ ಪಕ್ಕದಲ್ಲಿ ಸಣ್ಣ ಕಡ್ಡಿ ಜೋಡಿಸಿದ್ರೆ ಬಿಡಿಸಿ. ಎರಡೂ ಬದಿ ಗೋಡೆಯನ್ನ ಒಳಗೆ ಒತ್ತಿದ್ರೆ ಬಾಕ್ಸ್ ಕೆಳಗೆ ಜೋತು ಬೀಳ್ತದೆ. ಕೆಲವು ಕಾರಲ್ಲಿ ಸ್ಕ್ರೂ ಇರ್ತವೆ. ಬಲ ಹಾಕೋ ಮೊದಲು ಕಾರಿನ ಕೈಪಿಡಿ ನೋಡಿ.

3. ಹಿಂದೆ ಉದ್ದನೆಯ ಪ್ಲಾಸ್ಟಿಕ್ ಮುಚ್ಚಳ ಕಾಣ್ತದೆ. ಕ್ಲಿಪ್ ಒತ್ತಿ ತೆಗೀರಿ. ಹಳೇ ಫಿಲ್ಟರ್ ಹೇಗೆ ಕೂತಿದೆ ಅಂತ ಮೊಬೈಲಲ್ಲಿ ಒಂದು ಫೋಟೋ ಹೊಡ್ಕೊಳ್ಳಿ.

4. ಮಾಸ್ಕ್ ಹಾಕ್ಕೊಂಡು, ಫಿಲ್ಟರನ್ನ ಓರೆ ಮಾಡದೆ ನಿಧಾನ ಎಳೀರಿ. ಇಲ್ಲಾಂದ್ರೆ ಕೂಡಿದ ಕಸವೆಲ್ಲ ಬ್ಲೋವರಿಗೆ ಬೀಳ್ತದೆ. ಗೂಡನ್ನ ಒದ್ದೆ ಬಟ್ಟೆಯಲ್ಲಿ ಒರೆಸಿ.

5. ಹೊಸದರ ಬಾಣದ ಗುರುತು ನೋಡಿ ಹಾಕಿ. ನಾವು ಎಡವಿದ್ದು ಇಲ್ಲೇ. ಕೆಲವದ್ರಲ್ಲಿ "ಅಪ್" ಅಂತ ಇರ್ತದೆ, ಅದು ಮೇಲಿನ ಬದಿ. ಕೆಲವದ್ರಲ್ಲಿ "ಏರ್ ಫ್ಲೋ" ಅಂತ ಇರ್ತದೆ, ಅದು ಗಾಳಿ ಹೋಗೋ ದಿಕ್ಕು. ಆ ಕಾರಲ್ಲಿ ಗಾಳಿ ಮೇಲಿಂದ ಕೆಳಕ್ಕೆ ಬರ್ತದೆ. ನಾವು ಏರ್ ಫ್ಲೋ ಬಾಣವನ್ನ ಮೇಲ್ಮುಖ ಮಾಡಿ ಹಾಕಿದ್ವಿ, ಮತ್ತೆ ಬಿಚ್ಚಿದ್ವಿ. ದಪ್ಪ ಪದರ ಮೊದಲು ಬಂದು ದೊಡ್ಡ ಧೂಳು ಹಿಡೀಬೇಕು, ನವಿರು ಪದರ ಆಮೇಲೆ. ತಲೆಕೆಳಗಾದ್ರೆ ನವಿರು ಪದರವೇ ಬೇಗ ಕಟ್ಟಿಕೊಳ್ತದೆ.

6. ಚೌಕಟ್ಟಿನ ಮೇಲೆ ಪೆನ್ನಲ್ಲಿ ತಾರೀಖು, ಕಿಲೋಮೀಟರ್ ಬರೀರಿ. ಮುಚ್ಚಳ, ಬಾಕ್ಸ್ ಸೇರಿಸಿ. ಬ್ಲೋವರನ್ನ ಒಂದೊಂದೇ ಸ್ಪೀಡಲ್ಲಿ ಓಡಿಸಿ ಕೇಳಿ. ಕರಕರ ಸದ್ದು ಬಂದ್ರೆ ಒಳಗೆ ಏನೋ ಬಿದ್ದಿದೆ.

ಕಡಿಮೆ ಬೆಲೆಯ ಕೆಲವು ಮಾಡೆಲ್‌ಗಳಲ್ಲಿ ಗೂಡು ಇದ್ದು ಫಿಲ್ಟರೇ ಇರಲ್ಲ. ನಿಮ್ಮ ಮನೆ ಕಾರಿದೂ ಒಮ್ಮೆ ತೆಗೆದು ನೋಡಿ.

ಎಷ್ಟು ದಿನಕ್ಕೊಮ್ಮೆ?

ಕೈಪಿಡಿಗಳಲ್ಲಿ ಸಾಮಾನ್ಯವಾಗಿ ವರ್ಷ ಅಥವಾ ಹತ್ತಿಪ್ಪತ್ತು ಸಾವಿರ ಕಿಲೋಮೀಟರ್ ಅಂತ ಇರ್ತದೆ, ಪಕ್ಕದಲ್ಲೇ "ಧೂಳಿನ ಪ್ರದೇಶದಲ್ಲಿ ಇನ್ನೂ ಬೇಗ" ಅನ್ನೋ ಮಾತೂ ಇರ್ತದೆ. ಆ ಧೂಳಿನ ಪ್ರದೇಶ ನಮ್ಮದೇ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಅದಿರು ಗಣಿಗಾರಿಕೆ ನಿಲ್ಲಿಸಿತ್ತು. ಆಮೇಲೆ ಷರತ್ತಿನ ಮೇಲೆ ಮತ್ತೆ ಶುರುವಾಯ್ತು. ಸಂಡೂರು, ತೋರಣಗಲ್ಲು ಕಡೆ ಓಡಾಡೋರಿಗೆ ಕೆಂಧೂಳು, ಸಿರುಗುಪ್ಪ ಕಡೆಯವರಿಗೆ ಭತ್ತದ ಕೊಯ್ಲಿನ ಧೂಳು, ಹೊಗೆ. ನಮ್ಮ ಲೆಕ್ಕ ಇಷ್ಟು: ಮೂರು ತಿಂಗಳಿಗೊಮ್ಮೆ ತೆಗೆದು ನೋಡೋದು, ಮಡಿಕೆಗಳ ಬುಡ ಕಾಣದಿದ್ರೆ ಬದಲಿಸೋದು. ಮಳೆಗಾಲ ಮುಗಿದ ಮೇಲೆ ಮುಗ್ಗಲು ವಾಸನೆ ಇದ್ರೆ ಕಾಯೋದೇ ಬೇಡ.

ಕೊಳೆ ಕಟ್ಟಿದ ಫಿಲ್ಟರಿಂದ ಎಸಿಗೂ ತೊಂದರೆ. ಗಾಳಿ ಕಡಿಮೆಯಾದ್ರೆ ಒಳಗಿನ ಕಾಯಿಲ್ ಅತಿಯಾಗಿ ತಣ್ಣಗಾಗಿ ತೇವ ಮಂಜುಗಡ್ಡೆ ಕಟ್ಟಬಹುದು. ಆಗ ಇದ್ದ ದಾರಿಯೂ ಮುಚ್ಚಿ, ಎಸಿ ಕೆಟ್ಟಿದೆ ಅನ್ನಿಸ್ತದೆ. ಹೊಸ ಫಿಲ್ಟರ್ ಹಾಕಿದ ಮೇಲೂ ವಾಸನೆ ಹೋಗದಿದ್ರೆ ಕಾಯಿಲ್ ಮೇಲೆ ಬೂಸ್ಟು ಕೂತಿರ್ತದೆ. ಅದು ಮೆಕ್ಯಾನಿಕ್ ಅಣ್ಣನ ಕೆಲಸ, ಅವರಿಗೇ ಬಿಡಿ.

ಲಾರಿ ಹಿಂದೆ ಸಿಕ್ಕಿಕೊಂಡಾಗ ಒಳಗಿನ ಗಾಳಿಯೇ ಸುತ್ತೋ ಬಟನ್ ಒತ್ತಿ. ಆದ್ರೆ ನಾಲ್ಕೈದು ಜನ ಕೂತು ದಾರಿಪೂರ್ತಿ ಅದರಲ್ಲೇ ಇದ್ರೆ ಇಂಗಾಲದ ಡೈಆಕ್ಸೈಡ್ ಏರಿ ಡ್ರೈವರಿಗೆ ಜೊಂಪು ಹತ್ತಬಹುದು. ಧೂಳು ದಾಟಿದ ಕೂಡಲೇ ಹೊರಗಿನ ಗಾಳಿಗೆ ತಿರುಗಿಸಿ.

ಅಜ್ಜಿಯ ಉಬ್ಬಸ ಫಿಲ್ಟರಿಂದ ವಾಸಿಯಾಗ್ಲಿಲ್ಲ, ಆಗೋದೂ ಅಲ್ಲ. ಮಾತ್ರೆ, ಪಂಪು ಎಲ್ಲ ಹಾಗೇ ಇವೆ. ಮುಂದಿನ ತಿಂಗಳು ಬಂದಾಗ ಮಾತ್ರ ಗ್ಲಾಸ್ ಏರಿಸಿತ್ತು, ಸೆರಗು ಹೆಗಲ ಮೇಲಿತ್ತು. "ಈಗ ವಾಸ್ನಿ ಇಲ್ಲ ನೋಡಪ" ಅಂದು, ತಂದಿದ್ದ ಮಂಡಕ್ಕಿ ಚೀಲ ನಮ್ಮ ಕೈಗೆ ಕೊಟ್ರು.

ನಿಮ್ಮ ಮನೆ ಕಾರು ಈ ಕಡೆ ಬಂದ್ರೆ ಪಾರ್ವತಿನಗರಕ್ಕೆ ತನ್ನಿ. ಟಾರ್ಚು, ಸ್ಕ್ರೂಡ್ರೈವರ್ ನಮ್ಮದು. ಫಿಲ್ಟರ್, ಮಿರ್ಚಿ, ಚಹಾ ನಿಮ್ಮದು.