ಮನೆಯ ಬ್ರಾಡ್‌ಬ್ಯಾಂಡ್: ಹೇಳಿದ ವೇಗ, ದೊರೆಯುವ ವೇಗ

ನಮ್ಮ ಶಾಲೆಯಲ್ಲಿ ಓದಿದ ಅನೇಕರು ಇಂದು ಹೊಸೂರು, ಡೆಂಕಣಿಕೋಟೆ, ಕೃಷ್ಣಗಿರಿಗಳ ತಮ್ಮ ಮನೆಗಳಲ್ಲಿಯೇ ಕುಳಿತು ಬೆಂಗಳೂರಿನ ಕಚೇರಿಯ ಕೆಲಸ ನಿರ್ವಹಿಸುತ್ತಾರೆ. 2020ರಲ್ಲಿ ಶಾಲೆಗಳು ಮುಚ್ಚಿದಾಗ ಮಕ್ಕಳ ಪಾಠಕ್ಕೂ ಅಂತರ್ಜಾಲವೇ ಆಧಾರವಾಯಿತು. ಆದುದರಿಂದ, “100 ಮೆಗಾಬಿಟ್‌ಗೆ ಹಣ ಕಟ್ಟಿದ್ದೇವೆ, ಕಾಣುವುದು 12 ಮಾತ್ರ, ಇದು ಮೋಸವಲ್ಲವೇ?” ಎಂದು ಬಂಧುಗಳು ನನ್ನನ್ನು ಕೇಳುವುದುಂಟು. ನನಗೆ ತಿಳಿದಷ್ಟನ್ನು ಇಲ್ಲಿ ನಿವೇದಿಸುತ್ತೇನೆ.

ಮೊದಲನೆಯದು ಅಳತೆಯ ವ್ಯತ್ಯಾಸ. ಜಾಹೀರಾತಿನ ಲೆಕ್ಕ ಬಿಟ್‌ಗಳಲ್ಲಿ. ಕಡತ ಇಳಿಸಿಕೊಳ್ಳುವಾಗ ಗಣಕಯಂತ್ರ ತೋರಿಸುವುದು ಸಾಮಾನ್ಯವಾಗಿ ಬೈಟ್‌ಗಳಲ್ಲಿ. 8 ಬಿಟ್ ಸೇರಿದರೆ 1 ಬೈಟ್. ಸೆಕೆಂಡಿಗೆ 100 ಮೆಗಾಬಿಟ್ ಎಂದರೆ ಹನ್ನೆರಡೂವರೆ ಮೆಗಾಬೈಟ್. ಇಲ್ಲಿ ನಷ್ಟವೇನೂ ಇಲ್ಲ.

ಎರಡನೆಯದು ಹಂಚಿಕೆ. ಕೆಲವರಪಳ್ಳಿ ಜಲಾಶಯದ ಕಾಲುವೆಯನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾದೀತು: ಎಲ್ಲರೂ ಒಮ್ಮೆಗೇ ನೀರು ಹಾಯಿಸಿದರೆ ಪ್ರತಿ ಹೊಲಕ್ಕೂ ಕಡಿಮೆಯೇ. ಜಿಪಾನ್ ಎಂಬ ಪದ್ಧತಿಯಲ್ಲಿ ಒಂದು ಗಾಜಿನ ಎಳೆಯ ಸುಮಾರು 2,500 ಮೆಗಾಬಿಟ್ ಸಾಮರ್ಥ್ಯವನ್ನು 32 ಮನೆಗಳಿಗೆ ಹಂಚಿದರೆ, ಎಲ್ಲರೂ ಏಕಕಾಲಕ್ಕೆ ಬಳಸುವಾಗ ತಲಾ 78 ಮಾತ್ರ ಬರುತ್ತದೆ. ಊರಿನಿಂದಾಚೆಗಿನ ಮುಖ್ಯ ಮಾರ್ಗವೂ ಹೀಗೆಯೇ ಹಂಚಿಕೆಯದು. ರಾತ್ರಿ ಊಟದ ವೇಳೆಗೆ ವೇಗ ಕುಸಿಯಲು ಇದೇ ಕಾರಣ.

ಮೂರನೆಯದು ಮನೆಯೊಳಗಿನ ವೈಫೈ. 2.4 ಗಿಗಾಹರ್ಟ್ಸ್ ಅಲೆ ದೂರ ಹೋಗುತ್ತದೆ, ಆದರೆ ನಿಧಾನ. ನೆರೆಮನೆಗಳ ಅಲೆಗಳೂ ಅದಕ್ಕೆ ಅಡ್ಡ ಬರುತ್ತವೆ. 5 ಗಿಗಾಹರ್ಟ್ಸ್ ಅಲೆ ವೇಗದ್ದು, ಆದರೆ ನಮ್ಮ ಕಡೆಯ ದಪ್ಪ ಕಲ್ಲುಗೋಡೆಗಳನ್ನು ದಾಟುವಷ್ಟರಲ್ಲಿ ಸೊರಗುತ್ತದೆ.

ಇನ್ನು ಜಾಹೀರಾತಿನ ಮಾತು. “100 ಮೆಗಾಬಿಟ್‌ವರೆಗೆ” ಎಂಬಲ್ಲಿ ‘ವರೆಗೆ’ ಎಂಬುದು ಗರಿಷ್ಠ ಮಿತಿಯನ್ನು ಹೇಳುತ್ತದೆಯೇ ಹೊರತು ಕನಿಷ್ಠದ ಭರವಸೆಯನ್ನಲ್ಲ. ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಸರ್ಕಾರ ನಿಗದಿಪಡಿಸಿದ ಕನಿಷ್ಠ ವೇಗ 2004ರಲ್ಲಿ 256 ಕಿಲೋಬಿಟ್ ಇತ್ತು. 2023ರಲ್ಲಿ ಅದು 2 ಮೆಗಾಬಿಟ್ ಆಯಿತು. ಈ ಎರಡು ಮತ್ತು ನೂರರ ನಡುವಿನ ಅಂತರದಲ್ಲಿಯೇ ಗ್ರಾಹಕನು ಸಿಲುಕುವುದು.

ಆದ್ದರಿಂದ ಗಣಕಯಂತ್ರವನ್ನು ತಂತಿಯಿಂದಲೇ ಮೋಡೆಮ್‌ಗೆ ಜೋಡಿಸಿ, ಬೆಳಿಗ್ಗೆ ಆರಕ್ಕೂ ರಾತ್ರಿ ಒಂಬತ್ತಕ್ಕೂ ಒಂದು ವಾರ ವೇಗವನ್ನು ಅಳೆದು ಬರೆದಿಡಿ. ತಂತಿಯಲ್ಲಿ ಸರಿಯಿದ್ದು ವೈಫೈಯಲ್ಲಿ ಕುಂದಿದರೆ ದೋಷ ಮನೆಯೊಳಗಿನದು. ರಾತ್ರಿ ಮಾತ್ರ ಕುಸಿದರೆ ಹಂಚಿಕೆಯದು. ಬೆಳಿಗ್ಗೆಯೂ ತಂತಿಯಲ್ಲಿಯೇ ಕಡಿಮೆಯಿದ್ದರೆ ಸಂಸ್ಥೆಯ ದೂರು ಕೇಂದ್ರಕ್ಕೆ ತಿಳಿಸಿ, ದೂರಿನ ಸಂಖ್ಯೆ ಪಡೆಯಿರಿ. ಅಲ್ಲಿ ಪರಿಹಾರ ದೊರೆಯದಿದ್ದರೆ, 2012ರ ನಿಯಮದಂತೆ ಅದೇ ಸಂಸ್ಥೆಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಆಗ ನೀವು ಬರೆದಿಟ್ಟ ಅಂಕಿಗಳೇ ನಿಮ್ಮ ಪರವಾಗಿ ಸಾಕ್ಷಿ ನುಡಿಯುತ್ತವೆ.