ವೈದ್ಯರಿಗೂ ಬೇಕು ಒಂದು ನೆನಪೋಲೆ

ಲೆಕ್ಕವೆಲ್ಲ ಸರಿಯಾಗಿ ಮಾಡಿ, ಉತ್ತರದ ಮುಂದೆ ಏಕಮಾನ ಬರೆಯುವುದನ್ನೇ ಮರೆತು ಬರುವ ಜಾಣ ವಿದ್ಯಾರ್ಥಿಗಳು ಪ್ರತಿ ತರಗತಿಯಲ್ಲೂ ಇರುತ್ತಾರೆ. ಅದು ಅಜ್ಞಾನವಲ್ಲ, ಮರೆವು. ಅದರಿಂದ ಹೋಗುವುದು ಅರ್ಧ ಅಂಕ. ಆದರೆ ವೈದ್ಯರೇ ಮರೆತರೆ?

ಅಮೆರಿಕದ ಇಂಡಿಯಾನಾಪೊಲಿಸ್ ನಗರದ ವೈದ್ಯ ಕ್ಲೆಮೆಂಟ್ ಮೆಕ್‌ಡೊನಾಲ್ಡ್ ಇದನ್ನೇ ಪರೀಕ್ಷಿಸಿ 1976ರಲ್ಲಿ ಫಲಿತಾಂಶ ಪ್ರಕಟಿಸಿದರು. ರೋಗಿಗಳ ದಾಖಲೆಗಳನ್ನು ಪರಿಶೀಲಿಸಿದ ಕಂಪ್ಯೂಟರ್, ಯಾರಿಗೆ ಏನು ಆಗಬೇಕಿದೆ ಎಂಬ ಸೂಚನೆಯನ್ನು ವೈದ್ಯರಿಗೆ ಕೊಡುತ್ತಿತ್ತು. ಸೂಚನೆ ಸಿಕ್ಕಾಗ ಶೇ. 51ರಷ್ಟು ಸಂದರ್ಭಗಳಲ್ಲಿ ವೈದ್ಯರು ಕ್ರಮ ಕೈಗೊಂಡರು, ಸಿಗದಿದ್ದಾಗ ಶೇ. 22ರಷ್ಟು ಮಾತ್ರ. ವೈದ್ಯರು ಅವರೇ, ಅವರ ವಿದ್ಯೆಯೂ ಅದೇ!

ಎಚ್‌ಐವಿ ಸೋಂಕಿನ ಆರೈಕೆಯಲ್ಲಿ ನೆನಪಿಡಬೇಕಾದದ್ದು ಇನ್ನೂ ಹೆಚ್ಚು. ಈ ವೈರಸ್ ಸಿಡಿ4 ಎಂಬ ಬಿಳಿ ರಕ್ತಕಣಗಳನ್ನು ನಾಶಮಾಡುತ್ತದೆ. ದೇಹದ ರಕ್ಷಣಾ ವ್ಯವಸ್ಥೆಗೆ ಇವೇ ಸೇನಾಪತಿಗಳು. ಆರೋಗ್ಯವಂತ ವಯಸ್ಕರಲ್ಲಿ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಇವು ಸುಮಾರು 500ರಿಂದ 1,500ರಷ್ಟಿರುತ್ತವೆ. 200ಕ್ಕಿಂತ ಕೆಳಗಿಳಿದರೆ ಒಂದು ಬಗೆಯ ಮಾರಕ ನ್ಯುಮೋನಿಯಾ ತಗಲುವ ಅಪಾಯ ಹೆಚ್ಚು. ಅದನ್ನು ತಡೆಯಲು ಅಗ್ಗದ ಮಾತ್ರೆ ಇದೆ. ಆದರೆ ರಕ್ತ ಪರೀಕ್ಷೆ ಮಾಡಿಸಿದರೆ ತಾನೆ ಗೊತ್ತಾಗುವುದು?

ಬಾಸ್ಟನ್ನಿನ ಬೆತ್ ಇಸ್ರೇಲ್ ಆಸ್ಪತ್ರೆಯಲ್ಲಿ ಎಚ್‌ಐವಿ ರೋಗಿಗಳನ್ನು ನೋಡುವ ಕೆಲವು ವೈದ್ಯರಿಗೆ ಕಂಪ್ಯೂಟರ್ ಎಚ್ಚರಿಕೆ ಕೊಡುತ್ತಿತ್ತು, ಉಳಿದವರಿಗೆ ಇಲ್ಲ. 1995ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಕ್ರಮ ಕೈಗೊಳ್ಳಲು ಹಿಡಿದ ಕಾಲದ ಮಧ್ಯಾಂಕ ಎಚ್ಚರಿಕೆ ಪಡೆದವರಲ್ಲಿ 11 ದಿನ, ಪಡೆಯದವರಲ್ಲಿ 52 ದಿನ.

ಇದು ಸಿರಿವಂತ ದೇಶಗಳ ಸೊತ್ತಾಗಿ ಉಳಿಯಲಿಲ್ಲ. ಕೆನ್ಯಾದ ಎಲ್ಡೊರೆಟ್‌ನಲ್ಲಿ ಅಲ್ಲಿನ ಮೊಯಿ ವಿಶ್ವವಿದ್ಯಾಲಯವೂ ಇಂಡಿಯಾನಾ ವಿಶ್ವವಿದ್ಯಾಲಯವೂ ಕೂಡಿ ಎಚ್‌ಐವಿ ಚಿಕಿತ್ಸೆ ನಡೆಸುತ್ತಿದ್ದವು. ಪ್ರತಿ ರೋಗಿಯ ವಿವರ ಕಂಪ್ಯೂಟರಿನಲ್ಲಿರುತ್ತಿತ್ತು. ಅದು ರೋಗಿಯ ಸ್ಥಿತಿಯ ಸಾರಾಂಶದೊಂದಿಗೆ ಬಾಕಿ ಕೆಲಸಗಳನ್ನೂ ಒಂದು ಹಾಳೆಯಲ್ಲಿ ಮುದ್ರಿಸಿ ಕೊಡುತ್ತಿತ್ತು. ಮಕ್ಕಳ ಚಿಕಿತ್ಸೆಯ ಬಗ್ಗೆ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸೂಚನೆ ಇದ್ದಾಗ ಬಾಕಿ ಕೆಲಸಗಳಲ್ಲಿ ಶೇ. 68ರಷ್ಟು ಪೂರ್ಣಗೊಂಡವು, ಇಲ್ಲದಾಗ ಕೇವಲ ಶೇ. 18ರಷ್ಟು. ತನಗೆ ಯಾವ ಪರೀಕ್ಷೆ ಬಾಕಿ ಇದೆಯೆಂದು ಮಗು ಹೇಳಲಾರದು. ಆ ಹಾಳೆ ಹೇಳಿತು.

ಹಾಗೆಂದು ಕಂಪ್ಯೂಟರ್ ಸರ್ವಜ್ಞನಲ್ಲ. ದಾಖಲೆ ತಪ್ಪಿದ್ದರೆ ಸೂಚನೆಯೂ ತಪ್ಪುತ್ತದೆ. ಮಾತುಮಾತಿಗೂ ಎಚ್ಚರಿಸಿದರೆ ವೈದ್ಯರು ಬೇಸತ್ತು ಓದುವುದನ್ನೇ ಬಿಡುತ್ತಾರೆ. ನಿಯಮಗಳೂ ಬದಲಾಗುತ್ತವೆ. ಸಿಡಿ4 ಎಣಿಕೆ ಎಷ್ಟೇ ಇರಲಿ, ಸೋಂಕು ಪತ್ತೆಯಾದ ಎಲ್ಲರಿಗೂ ಔಷಧಿ ಆರಂಭಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಆಗ ಕಂಪ್ಯೂಟರಿಗೂ ಹೊಸ ಪಾಠ ಕಲಿಸಬೇಕು. ಸೂಚನೆಯನ್ನು ತೂಗಿನೋಡಿ ನಿರ್ಧರಿಸುವವರು ವೈದ್ಯರೇ.

ಆನೆಯಂಥದ್ದೂ ಮುಗ್ಗರಿಸುತ್ತದೆ ಎನ್ನುತ್ತಾರೆ ಹಿರಿಯರು. ಮರೆವನ್ನು ಒಪ್ಪಿಕೊಂಡು, ನೆನಪಿಸುವ ಏರ್ಪಾಡು ಮಾಡಿಕೊಳ್ಳುವುದೂ ವಿಜ್ಞಾನದ ದಾರಿಯೇ. ಬರೆದು ಮುಗಿಸಿದ ಉತ್ತರಪತ್ರಿಕೆಯನ್ನು ಕೊಡುವ ಮುನ್ನ ಇನ್ನೊಮ್ಮೆ ನೋಡುವ ವಿದ್ಯಾರ್ಥಿ ಮಾಡುವುದೂ ಇದನ್ನೇ.